ಸಿಳ್ಳೆ ಹೊಡೆಯದ ಕುಕ್ಕರು

"ಸಿಳ್ಳಿ ಹೊಡದ್ರ ಅಂಜಬ್ಯಾಡ್ರಿ. ಹೊಡೀಲಿಲ್ಲಂದ್ರ ಅಂಜ್ರಿ." ಎಪ್ಪತ್ತರ ದಶಕದ ನಡುವಿನ ವರ್ಷಗಳಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಅದೆಷ್ಟು ಪಡಸಾಲೆಗಳಲ್ಲಿ ಈ ಮಾತು ಹೇಳಿದ್ದೇನೋ ನನಗೇ ಲೆಕ್ಕವಿಲ್ಲ. ನಾನು ಮನೆಮನೆಗೆ ಹೋಗಿ, ಹೆಂಗಸರನ್ನು ಕೂಡಿಸಿ, ಪ್ರೆಶರ್ ಕುಕ್ಕರು ಮಾರುತ್ತಿದ್ದೆ. ಈ ಮಾತು ಕೇಳಿದವರೆಲ್ಲ ನಗುತ್ತಿದ್ದರು. ನಗದೆ ಕೂತವಳು ಬಾಗೇವಾಡಿಯ ಒಬ್ಬ ಮುದುಕಿ ಮಾತ್ರ. ಅವಳಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನನ್ನ ವ್ಯಾಪಾರ ಶುರುವಾದದ್ದು ನೆರೆಹೊರೆಯವರ ಹೊಟ್ಟೆಕಿಚ್ಚಿನಿಂದ. ನನ್ನ ಯಜಮಾನರು ಇಂಡಿಯಲ್ಲಿ ಹೈಸ್ಕೂಲು ಮಾಸ್ತರರು. ಒಮ್ಮೆ ಸೊಲ್ಲಾಪುರಕ್ಕೆ ಹೋದವರು ಕುಕ್ಕರೊಂದನ್ನು ಹೊತ್ತು ತಂದರು. ನಮ್ಮ ಕಡೆ ಬಾವಿಗಳ ನೀರು ಸವಳು. ಅದರಲ್ಲಿ ತೊಗರಿಬೇಳೆ ಬೇಯಿಸುವುದೆಂದರೆ ಬೆಳಗ್ಗೆ ಒಲೆ ಹಚ್ಚಿ ಮಧ್ಯಾಹ್ನದವರೆಗೆ ಹೊಗೆ ಕುಡಿಯುವುದು. ನನ್ನ ಮನೆಯಲ್ಲಿ ಅದೇ ಬೇಳೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಬೆಣ್ಣೆಯಾಗಿರುತ್ತಿತ್ತು. ಓಣಿಯ ಹೆಂಗಸರು ಉಪ್ಪು ಕೇಳುವ ನೆಪದಲ್ಲಿ ಬಂದು ಅಡುಗೆಮನೆಗೆ ಇಣುಕಿ ಹೋಗತೊಡಗಿದರು. ಅವರ ಗಂಡಂದಿರು ಒಬ್ಬೊಬ್ಬರಾಗಿ ಸೊಲ್ಲಾಪುರದ ಆ ಅಂಗಡಿಗೆ ಹೋಗತೊಡಗಿದರು. ಮುಂದಿನ ಸಲ ನಾನೇ ಹೋದಾಗ ಅಂಗಡಿಯವನು ಕೈಮುಗಿದು, "ಅಕ್ಕಾರ, ನಿಮಗ ಬಾಯಿ ಐತಿ, ನನ್ಹತ್ರ ಮಾಲ ಐತಿ. ಕೂಡಿ ಮಾಡೂಣೇನ್ರಿ?" ಎಂದ. ನನಗೆ ಬಾಯಿ ಇದೆಯೆಂದು ಅದುವರೆಗೆ ಎಲ್ಲರೂ ಬೈದಿದ್ದರೇ ಹೊರತು ಯಾರೂ ಹೊಗಳಿರಲಿಲ್ಲ. ಒಪ್ಪಿಕೊಂಡೆ.

ಅಂಗಡಿ ಇಲ್ಲ, ಬೋರ್ಡು ಇಲ್ಲ. ಗೊತ್ತಿದ್ದ ಒಬ್ಬ ಹೆಂಗಸಿಗೆ ಒಂದು ಕಾರ್ಡು ಬರೆಯುವುದು: ಇಂಥ ದಿನ ಬರುತ್ತೇನೆ, ನಾಲ್ಕು ಮಂದಿಯನ್ನು ಕೂಡಿಸು. ಅವಳು ಓಣಿಯಲ್ಲಿ ಅರಿಶಿನ-ಕುಂಕುಮಕ್ಕೆಂದು ಕರೆಯುತ್ತಿದ್ದಳು. ಕುಕ್ಕರು ನೋಡಲು ಹೋಗುತ್ತೇನೆಂದರೆ ಯಾವ ಅತ್ತೆಯೂ ಸೊಸೆಯನ್ನು ಬಿಡುತ್ತಿರಲಿಲ್ಲ, ಕುಂಕುಮಕ್ಕೆ ಬೇಡ ಎನ್ನುವ ಧೈರ್ಯ ಯಾವ ಅತ್ತೆಗೂ ಇರಲಿಲ್ಲ. ನಾನು ಗೋಣಿಚೀಲದಲ್ಲಿ ಕುಕ್ಕರು, ಪಂಪ್ ಸ್ಟೋ, ಬೇಳೆಯ ಗಂಟು ಕಟ್ಟಿಕೊಂಡು ಬಸ್ಸು ಹತ್ತುತ್ತಿದ್ದೆ. ನೀರು ಮಾತ್ರ ಅವರ ಬಾವಿಯದೇ ಆಗಬೇಕು, ಇಲ್ಲದಿದ್ದರೆ ನಂಬುತ್ತಿರಲಿಲ್ಲ. ಪಡಸಾಲೆಯ ನಡುವೆ ಸ್ಟೋ ಹಚ್ಚಿ, ಬೇಳೆ ಇಟ್ಟು, ಮುಚ್ಚಳ ಬಿಗಿದು, ಮೇಲೆ ಗುಂಡು ಇಡುತ್ತಿದ್ದೆ. ಆ ಗುಂಡು ಅಂದರೆ ಸಿಳ್ಳೆ ಹೊಡೆಯುವ ತೂಕದ ಬಿರಡೆ. ಮೊದಲ ಸಿಳ್ಳೆಗೆ ಅರ್ಧ ಮಂದಿ ಬಾಗಿಲ ಹೊರಗಿರುತ್ತಿದ್ದರು, ಎರಡನೆಯದಕ್ಕೆ ನಾಚಿಕೊಂಡು ಒಳಗೆ ಬರುತ್ತಿದ್ದರು. ಮುದ್ದೇಬಿಹಾಳದಲ್ಲಿ ಒಬ್ಬ ವಕೀಲರ ಹೆಂಡತಿ ಹಿತ್ತಲ ಗೋಡೆಯನ್ನೇ ಹಾರಿದ್ದಳು. ಕೊನೆಗೆ ಅವಳೇ ಆ ಓಣಿಯಲ್ಲಿ ಮೊದಲು ಕುಕ್ಕರು ತೆಗೆದುಕೊಂಡಳು.

ಮೊನ್ನೆ ನನ್ನ ಮೊಮ್ಮಗಳು ಕೇಳಿದಳು, ಕಂಪ್ಯೂಟರಿಲ್ಲದೆ, ಫೋನಿಲ್ಲದೆ, ಯಾರು ಯಾವ ಊರಲ್ಲಿ ಏನು ತೆಗೆದುಕೊಂಡರೆಂದು ಹೇಗೆ ನೆನಪಿಡುತ್ತಿದ್ದೆ ಅಜ್ಜಿ ಎಂದು. ಅದೇನು ದೊಡ್ಡ ಮಾತು! ಯಾವ ಮನೆಯ ಅತ್ತೆ ಹೇಗೆ ಮುಖ ಸಿಂಡರಿಸಿದಳು ಎಂದು ನೆನಪಿಟ್ಟರೆ ಕುಕ್ಕರಿನ ಅಳತೆ ತಾನಾಗಿ ನೆನಪಿಗೆ ಬರುತ್ತಿತ್ತು. ಮುಚ್ಚಳದ ರಬ್ಬರು ಹೋದರೆ ಸಂತೆಗೆ ಹೊರಟವರ ಕೈಯಲ್ಲಿ ಮಾತು ಹೇಳಿ ಕಳಿಸುತ್ತಿದ್ದರು. ಅದು ಓಣಿಯಿಂದ ಓಣಿಗೆ, ಬಸ್‌ಸ್ಟ್ಯಾಂಡಿನಿಂದ ಬಸ್‌ಸ್ಟ್ಯಾಂಡಿಗೆ ತಲುಪಿ ಇಂಡಿಯ ನನ್ನ ಹೊಸ್ತಿಲಿಗೆ ಬರುತ್ತಿತ್ತು. ತಡವಾಗಿ ಬರುತ್ತಿತ್ತು, ಆದರೆ ಬರುತ್ತಿತ್ತು. ಆ ತಡದ ಬಗ್ಗೆ ನಾನು ತಲೆ ಕೆಡಿಸಿಕೊಂಡಿರಲಿಲ್ಲ.

ಬಾಗೇವಾಡಿಯಲ್ಲಿ ನನ್ನ ಸಾಲೆಯ ಗೆಳತಿಯೊಬ್ಬಳನ್ನು ಕೊಟ್ಟಿದ್ದರು. ನಾನು ಹೇಳುತ್ತಿರುವ ಮುದುಕಿ ಅವಳ ಅತ್ತೆ. ಒಣಗಿದ ಮೈ, ಹಣೆ ತುಂಬ ಮುತ್ತೈದೆಯ ಕುಂಕುಮ, ಬಾಯಲ್ಲಿ ಒಂದೂ ಹಲ್ಲಿಲ್ಲ, ಕಿವಿ ಮಾತ್ರ ಭಾರಿ ಚುರುಕು. ಹಿತ್ತಲಲ್ಲಿ ಬೆಕ್ಕು ನಡೆದರೆ ನಡುಮನೆಯಲ್ಲಿ ಕೂತೇ ಯಾರದು ಎಂದು ಕೇಳುತ್ತಿದ್ದಳು. ಅವರ ಮನೆಯಲ್ಲಿ ನಾನು ಮೊದಲ ಸಲ ಕುಕ್ಕರು ಹಚ್ಚಿದಾಗ ಬಂದವರೆಲ್ಲ ಚದುರಿದರು, ಈಕೆ ಕದಲಲಿಲ್ಲ. ಸಿಳ್ಳೆ ನಿಂತ ಮೇಲೆ ಮೆಲ್ಲಗೆ ಕೇಳಿದಳು.

"ಇದು ಯಾವಾಗಲೂ ಹಿಂಗ ಹೊಡೀತೈತೇನು?"

"ಹೌದ್ರಿ ಅತ್ತಿ. ಹೊಡದ್ರನ ಛಲೋ."

"ನಮ್ಮ ಮನ್ಯಾಗ ಗಂಡಸೂರು ಸೈತ ಒಳಗ ಸಿಳ್ಳಿ ಹೊಡ್ಯಂಗಿಲ್ಲವಾ. ದೀಪಾ ಹಚ್ಚೋ ಮನಿ ಇದು. ಸಿಳ್ಳಿ ಹೊಡದ್ರ ಹುಳಾ ಬರ್ತೈತಿ."

ಹುಳ ಎಂದರೆ ಹಾವು. ಹಾವಿನ ಹೆಸರು ಹೇಳಬಾರದೆಂದು ಹಾಗನ್ನುತ್ತಾರೆ. ಕೂತಿದ್ದ ಹೆಂಗಸರ ಮುಖದ ನಗೆ ಸತ್ತುಹೋಯಿತು. ನನಗೆ ರೇಗಿತು. ನನ್ನ ವ್ಯಾಪಾರಕ್ಕೆ ಮಣ್ಣು ಹಾಕುತ್ತಿದ್ದಾಳೆ ಮುದುಕಿ ಎನಿಸಿ, "ಹುಳಾ ಬಂದ್ರ ಅದಕ್ಕೂ ಎರಡು ತುತ್ತು ಬ್ಯಾಳಿ ಹಾಕೂಣ ತಗೋರಿ" ಎಂದುಬಿಟ್ಟೆ. ಎಲ್ಲರೂ ಗೊಳ್ಳೆಂದರು. ಮುದುಕಿ ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತಾ, ಗುಂಡಿನ ಕಡೆಗೆ ಬೆರಳು ತೋರಿಸಿ, "ಇದಕ್ಕ ಸುಮ್ನ ಇರೋದು ಕಲಸು" ಎಂದಳು.

ಗೆಳತಿಯ ಗಂಡ ಕುಕ್ಕರು ಕೊಡಿಸಿದ. ಮುಂದಿನ ಭೇಟಿಯ ಹೊತ್ತಿಗೆ ಆ ಮನೆಯಲ್ಲಿ ಯಾರಿಗೆ ಕುಕ್ಕರಿನ ಮೇಲೆ ಜೀವ ಎಂದರೆ ಮುದುಕಿಗೇ. ಹಲ್ಲಿಲ್ಲದ ಬಾಯಿಗೆ ವರ್ಷಗಳ ನಂತರ ಬೇಳೆ, ಅಕ್ಕಿ, ಮಡಕೆಕಾಳು ಎಲ್ಲ ಸಲೀಸಾಗಿ ಇಳಿಯುತ್ತಿದ್ದವು. ತಾನೇ ಬೂದಿ ಹಚ್ಚಿ ತಿಕ್ಕಿ ಬೆಳಗುತ್ತಿದ್ದಳು. ಆದರೆ ಸಿಳ್ಳೆಯ ಜೊತೆಗಿನ ಜಗಳ ಮಾತ್ರ ಮುಗಿದಿರಲಿಲ್ಲ. ಗುಂಡು ಅಲುಗತೊಡಗಿದ ಕೂಡಲೇ ಸೌಟಿನಿಂದ ಅದನ್ನು ಅದುಮಿ ಹಿಡಿಯುತ್ತಿದ್ದಳಂತೆ, ಮಗುವಿನ ಬಾಯಿ ಮುಚ್ಚುವ ಹಾಗೆ. ಗೆಳತಿ ಇದನ್ನು ನಗುತ್ತ ಹೇಳಿದಳು. ನನಗೆ ನಗೆ ಬರಲಿಲ್ಲ. ಮುದುಕಿಯ ಎದುರು ಕೂತು ಮುಚ್ಚಳ ತೆಗೆದು ತೋರಿಸಿದೆ: ಇಲ್ಲಿ ನೋಡ್ರಿ, ಉಗಿ ಹೊರಗೆ ಹೋಗುವ ದಾರಿ ಇದು, ಈ ಗುಂಡಿನ ಕೆಳಗಿನ ತೂತು. ಇದು ಕಟ್ಟಿದರೆ ಪಕ್ಕದ ಇನ್ನೊಂದು ತೂತಿನಲ್ಲಿ ಸೀಸದ ಗುಂಡಿ ಇದೆ, ಅದು ಕರಗಿ ದಾರಿ ಬಿಡುತ್ತದೆ. ಎರಡೂ ಕಟ್ಟಿದರೆ ಇದು ಪಾತ್ರೆಯಲ್ಲ, ಬಾಂಬು. ಮುದುಕಿ ಎಲ್ಲ ಕೇಳಿಸಿಕೊಂಡು, "ಅಷ್ಟು ಸಿಟ್ಟೈತೇನು ಇದಕ್ಕ? ನಿನ್ಹಂಗ ಐತಿ" ಎಂದಳು.

ಆ ವರ್ಷ ಭಾದ್ರಪದದಲ್ಲಿ ಬಾಗೇವಾಡಿಗೆ ಹೋದಾಗ ನಾನು ಕಂಡದ್ದು ಇವತ್ತಿಗೂ ಕಣ್ಣ ಮುಂದಿದೆ. ಯಾರೋ ನೀರು ಹಾಕದೆ ಕುಕ್ಕರು ಇಟ್ಟಿದ್ದರು, ಸೀಸದ ಗುಂಡಿ ಕರಗಿ ಬಿದ್ದಿತ್ತು. ಅದು ಮಾಡಬೇಕಾದ ಕೆಲಸವನ್ನೇ ಮಾಡಿತ್ತು. ಹೊಸ ಗುಂಡಿ ಬೇಕೆಂದು ನನಗೆ ಹೇಳಿಕಳಿಸಿದ ಮಾತು ದಾರಿಯಲ್ಲೇ ಎಲ್ಲೋ ಉಳಿದುಹೋಗಿತ್ತು. ಕಾದು ಬೇಸತ್ತ ಮುದುಕಿ ಮಗನ ಕೈಯಲ್ಲಿ ಮುಚ್ಚಳ ಕೊಟ್ಟು ಕಂಬಾರನ ಹತ್ತಿರ ಕಳಿಸಿದ್ದಳು. ಕಂಬಾರ ಆ ತೂತಿಗೆ ಹಿತ್ತಾಳೆಯ ಬೋಲ್ಟು ಜಡಿದು, ಎರಡೂ ಕಡೆ ಬಡಿದು, ಅರದಿಂದ ಉಜ್ಜಿ ಕೊಟ್ಟಿದ್ದ. ಬಹಳ ಅಚ್ಚುಕಟ್ಟಾದ ಕೆಲಸ. ಬೆರಳಾಡಿಸಿ ನೋಡಿದೆ, ಎಲ್ಲಿಯೂ ಸಂದಿಲ್ಲ.

"ಇದನ್ನ ಯಾರ ಮಾಡಿದ್ರು?"

"ನಾನ ಮಾಡಿಸೇನಿ" ಎಂದಳು ಮುದುಕಿ ಹೆಮ್ಮೆಯಿಂದ. "ತೂತು ಬಿದ್ದ ಭಾಂಡೆ ಹಂಗ ಇಟ್ಕೋಬೇಕೇನು?"

"ಅದು ತೂತಲ್ರೀ ಯವ್ವಾ, ಜೀವಾ ಉಳಿಸೋ ದಾರಿ ಅದು! ಕೊಡ್ರಿ ಇಲ್ಲಿ, ಈ ಮುಚ್ಚಳ ನಾನು ಒಯ್ತೇನಿ."

ಮುದುಕಿ ಮುಚ್ಚಳವನ್ನು ಸೆರಗಿನಡಿ ಹಾಕಿಕೊಂಡಳು. ಹಬ್ಬ ಹತ್ತಿರ ಬಂದಿರುವಾಗ ಅಡುಗೆಮನೆಯ ಪಾತ್ರೆ ಹೊರಗೆ ಹೋಗಬಾರದು ಎಂದಳು. ನಾನು ದನಿ ಏರಿಸಿದೆ. ಅವಳೂ ಏರಿಸಿದಳು. ಮಾರುವಾಗ ಒಂದು ಮಾತು, ಮಾರಿದ ಮೇಲೆ ಒಂದು ಮಾತು, ವ್ಯಾಪಾರದವರ ಬುದ್ಧಿ ಇದು ಎಂದಳು. ಅದು ನನಗೆ ನಾಟಿತು. ಗೆಳತಿಯನ್ನು ಹಿತ್ತಲಿಗೆ ಕರೆದು ಅವಳ ಕೈ ಹಿಡಿದು ಆಣೆ ಹಾಕಿಸಿಕೊಂಡೆ, ನಾನು ಹೊಸ ಗುಂಡಿ ತರುವವರೆಗೆ ಇದನ್ನು ಬೆಂಕಿಗೆ ಇಡಕೂಡದು ಎಂದು. ಅವಳು ನನ್ನೆದುರೇ ಕುಕ್ಕರನ್ನು ಎತ್ತರದ ಹಲಗೆಯ ಮೇಲೆ, ಯಾರ ಕೈಗೂ ಎಟುಕದಂತೆ ಇಟ್ಟಳು. ಹೊರಡುವಾಗ ಮುದುಕಿ ಕುಂಕುಮದ ಭರಣಿ ಹಿಡಿದು ಬಂದಳು. ನಾನು ಚಪ್ಪಲಿ ಮೆಟ್ಟಿ ಇಳಿದುಬಿಟ್ಟೆ. ಮುತ್ತೈದೆ ಕುಂಕುಮ ಹಚ್ಚಿಸಿಕೊಳ್ಳದೆ ಹೊಸ್ತಿಲು ದಾಟುವುದು ನಮ್ಮಲ್ಲಿ ಮುಖದ ಮೇಲೆ ಉಗುಳಿದ ಹಾಗೆ. ಗೊತ್ತಿದ್ದೇ ಮಾಡಿದೆ, ಅಷ್ಟು ಸಿಟ್ಟು ಬಂದಿತ್ತು.

ಸೊಲ್ಲಾಪುರದ ಅಂಗಡಿಯವನು ಗುಂಡಿ ನಾಳೆ ಬರುತ್ತದೆ, ನಾಡಿದ್ದು ಬರುತ್ತದೆ ಎಂದು ಸತಾಯಿಸಿದ. ಕುಕ್ಕರು ಮಾರುವಾಗ ಇದ್ದ ಅವಸರ ಬಿಡಿಭಾಗ ತರಿಸುವಾಗ ಯಾರಿಗೂ ಇರುವುದಿಲ್ಲ. ಕೊನೆಗೆ ದಸರೆಯ ಹೊಸ್ತಿಲಲ್ಲಿ ಕೈಗೆ ಬಂತು. ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡೆ. ಖಂಡೇನವಮಿಯ ದಿನ ಸಿಂದಗಿಯಲ್ಲಿ ಒಬ್ಬ ತೊಗರಿ ದಲಾಲರ ಮನೆಯಲ್ಲಿ ಅರಿಶಿನ-ಕುಂಕುಮಕ್ಕೆ ಕರೆದಿದ್ದರು. ಅದನ್ನು ಮುಗಿಸಿ, ಹಬ್ಬ ಕಳೆದ ಮೇಲೆ ಬಾಗೇವಾಡಿಗೆ ಹೋಗಿ ಗುಂಡಿ ಹಾಕಿಕೊಟ್ಟು ಬಂದರಾಯಿತು ಎಂದುಕೊಂಡಿದ್ದೆ. ಕುಕ್ಕರು ಹಲಗೆಯ ಮೇಲಿದೆ, ಗೆಳತಿ ಆಣೆ ಮಾಡಿದ್ದಾಳೆ, ಇನ್ನೇನು?

ದಲಾಲರ ಮನೆಯವರು ಹಿಂದಿನ ವರ್ಷ ನನ್ನಿಂದ ಕುಕ್ಕರು ಕೊಂಡವರು. ಖಂಡೇನವಮಿಗೆ, ಅಂದರೆ ಆಯುಧಪೂಜೆಗೆ, ಮನೆಯಲ್ಲಿ ಇರುವ ಕಬ್ಬಿಣ, ಹತಾರ, ಯಂತ್ರ ಎಲ್ಲಕ್ಕೂ ಪೂಜೆ. ಕುಡಗೋಲು, ಕೊಡಲಿ, ತಕ್ಕಡಿ, ಹೊಲಿಗೆ ಮಷೀನು ಸಾಲಾಗಿ ಇಟ್ಟಿದ್ದರು. ಸಾಲಿನ ಕೊನೆಯಲ್ಲಿ ನನ್ನ ಕುಕ್ಕರು. ಮೈತುಂಬ ವಿಭೂತಿ ಪಟ್ಟೆ, ಕುಂಕುಮ, ಗುಂಡಿನ ಮೇಲೆ ಅಕ್ಷತೆ. ಒಂದು ಹಿಡಿಕೆಯಿಂದ ಗುಂಡಿನ ಮೇಲೆ ಹಾಯ್ದು ಇನ್ನೊಂದು ಹಿಡಿಕೆಯವರೆಗೆ ಕೆಂಪು ದಾರ, ನಡುವೆ ಅರಿಶಿನದ ಬೇರು, ಸುತ್ತಿ ಸುತ್ತಿ ಬಿಗಿದದ್ದು. ಮದುವಣಗಿತ್ತಿಯ ಕೈಗೆ ಕಂಕಣ ಕಟ್ಟುವ ಹಾಗೆ. ನನಗೆ ಮೊದಲು ಹೆಮ್ಮೆಯೇ ಆಯಿತು. ನನ್ನ ಸಾಮಾನು ದೇವರ ಸಾಲಿನಲ್ಲಿ ಕೂತಿದೆಯಲ್ಲ ಎಂದು.

"ಈ ದಾರಾ ಯಾವಾಗ ಬಿಚ್ಚತೀರಿ?" ಎಂದು ಸುಮ್ಮನೆ ಕೇಳಿದೆ.

"ಬಿಚ್ಚೂದೆಂಥಾದ್ರಿ!" ಎಂದಳು ಮನೆಯೊಡತಿ. "ಇವತ್ತು ಹತಾರ ಮುಟ್ಟಂಗಿಲ್ಲ. ನಾಳೆ ಬನ್ನಿ ಹಬ್ಬಕ್ಕ ದಾರಾ ಸಮೇತ ಎತ್ತಿ ಕೆಲಸಾ ಶುರು ಮಾಡೂದು. ಅದು ತಾನಾಗಿ ಹರದು ಬೀಳಬೇಕು, ನಾವು ಬಿಚ್ಚಿದ್ರ ಅಪಶಕುನ. ಹೋದ ವರ್ಷ ಹಂಗ ಇಟ್ಟಿದ್ವಿ, ಸಿಳ್ಳಿನ ಹೊಡೀಲಿಲ್ಲ, ಪಕ್ಕದ ಗುಂಡಿ ಹಾರಿ ಬ್ಯಾಳಿ ಎಲ್ಲಾ ಮಾಳಗಿಗೆ ಹೋತು!"

ಹೆಂಗಸರು ನಕ್ಕರು. ನನ್ನ ಕಣ್ಣು ಗುಂಡಿನ ಮೇಲಿನ ಆ ದಾರದ ಮೇಲೆ ನಿಂತಿತು. ನಾಲ್ಕು ತಾಲೂಕುಗಳಲ್ಲಿ ನಾನು ಮಾರಿದ ಕುಕ್ಕರುಗಳೆಲ್ಲ ಈ ಹೊತ್ತಿಗೆ ಹೀಗೇ ಕುಂಕುಮ ಹಚ್ಚಿಕೊಂಡು, ಬಾಯಿ ಕಟ್ಟಿಸಿಕೊಂಡು ಕೂತಿರುತ್ತವೆ. ಉಳಿದವಕ್ಕೆ ಸೀಸದ ಗುಂಡಿ ಇದೆ, ಹೆಚ್ಚೆಂದರೆ ಬೇಳೆ ಹಾರಿ ಮಾಳಿಗೆಯ ಮಣ್ಣಿನ ಚಾವಣಿಗೆ ಬಡಿಯುತ್ತದೆ. ಬಾಗೇವಾಡಿಯ ಒಂದಕ್ಕೆ ಬೋಲ್ಟು ಇದೆ. ಪೂಜೆಗೆಂದು ಅದನ್ನೂ ಹಲಗೆಯಿಂದ ಇಳಿಸಿರುತ್ತಾರೆ. ಆ ಮುದುಕಿಯಷ್ಟು ಶ್ರದ್ಧೆಯಿಂದ ದಾರ ಕಟ್ಟುವವರು ಜಿಲ್ಲೆಯಲ್ಲೇ ಯಾರೂ ಇಲ್ಲ. ನಾಳೆ ಹೋಳಿಗೆ, ಹೂರಣಕ್ಕೆ ಕಡಲೆಬೇಳೆ ಬೇಯಬೇಕು. ಮುಂದಿನದನ್ನು ಯೋಚಿಸುವ ಮೊದಲೇ ಎದ್ದು ನಿಂತಿದ್ದೆ. ಸಿಂದಗಿಯ ಹೆಂಗಸರಿಗೆ ದಾರ ಬಿಚ್ಚದೆ ಒಲೆಗೆ ಇಟ್ಟೀರಿ ಜೋಕೆ, ಗೊತ್ತಿದ್ದವರಿಗೆಲ್ಲ ಹೇಳಿಕಳಿಸಿ ಎಂದು ಕೂಗಿ, ಚೀಲವನ್ನೂ ಅಲ್ಲೇ ಬಿಟ್ಟು ಬಸ್‌ಸ್ಟ್ಯಾಂಡಿಗೆ ಓಡಿದೆ.

ಬಸ್‌ಸ್ಟ್ಯಾಂಡಿನಲ್ಲಿ ಬಸ್ಸುಗಳೂ ಪೂಜೆಗೆ ನಿಂತಿದ್ದವು. ಮುಖಕ್ಕೆ ಬಾಳೆಕಂಬ, ಚೆಂಡುಹೂವಿನ ಮಾಲೆ, ಗಾಲಿಯಡಿ ನಿಂಬೆಹಣ್ಣು. ಡ್ರೈವರು ಹಣೆ ತುಂಬ ಅರಿಶಿನದ ಭಂಡಾರ ಬಳಿದುಕೊಂಡು ಕೂತಿದ್ದ. ಯಾವಾಗ ಬಿಡುತ್ತೀರಿ ಎಂದೆ. "ಡಿಪೋ ಸಾಹೇಬ್ರು ಬಂದು ಆರತಿ ಆಗ್ಬೇಕ್ರಿ, ಇವತ್ತ ಎಲ್ಲಾರಿಗೂ ಹಬ್ಬ" ಎಂದ. ಒಬ್ಬರ ಜೀವ ಹೋಗುತ್ತದೆ ಎಂದೆ. ಯಾರದು, ಏನು ಜಡ್ಡು ಎಂದು ಕೇಳಿದ. ಕುಕ್ಕರು ಎಂದೆ. ಅವನು ಕಂಡಕ್ಟರನ ಮುಖ ನೋಡಿದ. ಇಬ್ಬರೂ ಬಹಳ ಮರ್ಯಾದೆಯಿಂದ ನನ್ನನ್ನು ನೆರಳಿಗೆ ಕೂಡಿಸಿದರು.

ಬಸ್ಸು ದೇವರ ಹಿಪ್ಪರಗಿ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಅಲ್ಲಿಂದ ಬಾಗೇವಾಡಿಗೆ ಬಸ್ಸು ಬದಲಿಸಬೇಕು, ಬೆಳಗಿನವರೆಗೆ ಬಸ್ಸಿಲ್ಲ. ಪರಿಚಯದವರ ಮನೆಯಲ್ಲಿ ಉಳಿದೆ. ಅವರ ಮನೆಯಲ್ಲೂ ಕುಕ್ಕರಿಗೆ ದಾರ ಕಟ್ಟಿತ್ತು. ಕೇಳದೆ ಹೇಳದೆ ನಾನೇ ಹರಿದು ಹಾಕಿದೆ. ಆ ಮನೆಯ ಹೆಂಗಸು ಅಪಶಕುನವೆಂದು ಬಾಯಿಗೆ ಸೆರಗು ಒತ್ತಿಕೊಂಡು ನಿಂತಳು. ಅವಳಿಗೆ ವಿವರಿಸುವ ತಾಳ್ಮೆ ನನ್ನಲ್ಲಿ ಉಳಿದಿರಲಿಲ್ಲ.

ಬೆಳಗಿನ ಮೊದಲ ಬಸ್ಸು ಡೋಣಿ ಹೊಳೆಯ ದಂಡೆಯಲ್ಲಿ ನಿಂತುಬಿಟ್ಟಿತು. ಮೇಲೆಲ್ಲೋ ಮಳೆಯಾಗಿ ಸೇತುವೆಯ ಮೇಲೆ ಕಪ್ಪು ನೀರು ಹರಿಯುತ್ತಿತ್ತು. ಡೋಣಿ ಬೇಸಿಗೆಯಲ್ಲಿ ಕಾಲು ತೊಯ್ಯಿಸಿಕೊಳ್ಳಲೂ ಸಾಲದ ಹೊಳೆ, ಬಂತೆಂದರೆ ಸದ್ದಿಲ್ಲದೆ ಬರುತ್ತದೆ. ಎರಡೂ ಕಡೆ ಎರೆಹೊಲ, ಮಧ್ಯೆ ಅದೇ ಬಣ್ಣದ ನೀರು, ಎಲ್ಲಿ ಮಣ್ಣು ಮುಗಿದು ಎಲ್ಲಿ ನೀರು ಶುರುವಾಯಿತೆಂದು ತಿಳಿಯುತ್ತಿರಲಿಲ್ಲ. ಗಂಡಸರು ಇಳಿದು ಬೀಡಿ ಹಚ್ಚಿದರು. ನಾನು ದಂಡೆಯಲ್ಲಿ ನಿಂತು ಸೆರಗಿನ ಗಂಟನ್ನು ಮುಟ್ಟಿ ಮುಟ್ಟಿ ನೋಡಿಕೊಂಡೆ. ಆಚೆ ದಂಡೆಯಲ್ಲಿ ಯಾರೋ ಬನ್ನಿಸೊಪ್ಪಿನ ಹೊರೆ ಹೊತ್ತು ನಡೆದಿದ್ದರು. ಗೆಳತಿಯ ಆಣೆಯ ಮೇಲೆ ನಂಬಿಕೆ ಇಡಬೇಕು ಎಂದುಕೊಂಡೆ. ಮರುಕ್ಷಣವೇ ಸೆರಗಿನಡಿ ಮುಚ್ಚಳ ಹಾಕಿಕೊಂಡ ಮುದುಕಿ ಕಣ್ಣ ಮುಂದೆ ಬಂದಳು. ಬಿಸಿಲೇರಿದಂತೆ ನೀರು ಇಳಿಯಿತು. ಡ್ರೈವರು ಹಣೆ ಮುಟ್ಟಿಕೊಂಡು ಬಸ್ಸನ್ನು ನೀರಿಗಿಳಿಸಿದ.

ಬಾಗೇವಾಡಿಯಲ್ಲಿ ಇಳಿದವಳು ಓಡಿದೆ. ಹೊಸ ಬಟ್ಟೆ ಉಟ್ಟ ಮಂದಿ ನಿಂತು ನೋಡಿದರು. ಗೆಳತಿಯ ಓಣಿಗೆ ತಿರುಗಿದಾಗ ಪ್ರತಿ ಮನೆಯಿಂದಲೂ ಬೇಳೆ ಬೇಯುವ ವಾಸನೆ, ಬೆಲ್ಲದ ವಾಸನೆ. ಅವಳ ಮನೆಯ ಕಿಟಕಿಯಿಂದ ಪಂಪ್ ಸ್ಟೋ ಭರ್ರೆಂದು ಉರಿಯುವ ಸದ್ದು ಕೇಳಿಸಿತು. ಒಂದು ಕ್ಷಣ ನಿಂತು ಕಿವಿಗೊಟ್ಟೆ. ಸ್ಟೋ ಉರಿಯುತ್ತಿದೆ, ಬೇಳೆಯ ವಾಸನೆ ಇದೆ, ಸಿಳ್ಳೆ ಇಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಭಯ ಮತ್ತೆಂದೂ ಆಗಿಲ್ಲ.

ಅಷ್ಟರಲ್ಲಿ ಎದುರು ಮನೆಯಿಂದ ಗೆಳತಿಯೇ ಹೊರಗೆ ಬಂದಳು, ಎರಡೂ ಕೈಗೆ ಕಣಕ ಅಂಟಿತ್ತು. ಹಬ್ಬಕ್ಕೆ ಎರಡು ಮನೆಯವರು ಕೂಡಿ ಹೋಳಿಗೆ ಮಾಡುತ್ತಿದ್ದರು.

"ಒಳಗ ಯಾರದಾರ?"

"ಅತ್ತಿ ಒಬ್ಬರ ಅದಾರ. ಹೂರಣಕ್ಕ ಒಲಿ ಮ್ಯಾಲ ಗಡಿಗಿ ಇಡ್ತೇನಂದ್ರು…" ಎನ್ನುತ್ತ ಅವಳೂ ಕಿವಿಗೊಟ್ಟಳು. ಸ್ಟೋ ಸದ್ದು ಕೇಳಿ ಅವಳ ಮುಖ ಬಿಳಿಚಿತು.

ಇಬ್ಬರೂ ಬಾಗಿಲಿಗೆ ನುಗ್ಗಿದೆವು. ಮುದುಕಿ ನಡುಮನೆಯ ಆಚೆ ಅಡುಗೆಮನೆಯಲ್ಲಿ ಸ್ಟೋ ಮುಂದೆ ಕೂತಿದ್ದಳು. ಕುಕ್ಕರಿನ ಮೈಮೇಲೆ ವಿಭೂತಿ, ಗುಂಡಿನ ಮೇಲೆ ಕೆಂಪು ದಾರ. ನನ್ನನ್ನು ಕಂಡದ್ದೇ ಬೆರಳನ್ನು ತುಟಿಯ ಮೇಲಿಟ್ಟು, ಮೆಲ್ಲಗೆ ಎಂದು ಸನ್ನೆ ಮಾಡಿದಳು. ಆ ಮುಖ ನಕ್ಕದ್ದನ್ನು ನಾನು ಮೊದಲ ಸಲ ನೋಡಿದೆ.

"ನೋಡವಾ, ಶಾಣ್ಯಾ ಆಗೇತಿ" ಎಂದಳು. "ಪೂಜಿ ಮಾಡಿಸಿಕೊಂಡ ಮ್ಯಾಲ ಒಂದರೆ ಸಿಳ್ಳಿ ಹೊಡದಿಲ್ಲ."

"ಏಳ್ರಿ! ಹೊರಗ ಬರ್ರಿ ಯವ್ವಾ, ಏಳ್ರಿ!" ಎಂದು ಚೀರಿದೆ.

ನನ್ನ ಚೀರಾಟ ಅವಳಿಗೆ ಹೊಸದಲ್ಲ. ಮತ್ತೆ ಜಗಳಕ್ಕೆ ಬಂದಿದ್ದಾಳೆ ಎಂದುಕೊಂಡಳು. ಅಲುಗಲಿಲ್ಲ. ಆ ಗಳಿಗೆಯಲ್ಲಿ ನನಗೆ ಹೇಗೆ ಹೊಳೆಯಿತೋ ಗೊತ್ತಿಲ್ಲ, ಸ್ಟೋ ಕಡೆಗೆ ಹೋಗುವ ಬದಲು ನಡುಮನೆಯ ಹೊಸ್ತಿಲಲ್ಲೇ ನಿಂತು, "ಅತ್ತಿ, ನನಗ ಕುಂಕುಮಾ ಹಚ್ಚರಿ. ಅವತ್ತ ಹಂಗ ಹೋಗೇನಿ" ಎಂದೆ.

ಮುದುಕಿಯ ಮುಖ ಬದಲಾಯಿತು. ಕುಂಕುಮ ಕೇಳಿದ ಮುತ್ತೈದೆಯನ್ನು ಕಾಯಿಸಬಾರದು. ಒಂದು ಕೈ ನೆಲಕ್ಕೂರಿ, ಇನ್ನೊಂದನ್ನು ಮೊಣಕಾಲಿಗೆ ಕೊಟ್ಟು ಎದ್ದಳು. ಪಕ್ಕದ ಗೋಡೆಯ ದೇವರ ಮಾಡದಿಂದ ಭರಣಿ ತೆಗೆದುಕೊಂಡಳು. ಸೆರಗು ಸರಿಮಾಡಿಕೊಂಡಳು. ಅವಳ ನಿಧಾನಕ್ಕೆ ನನ್ನ ಪ್ರಾಣ ಹೋಗುತ್ತಿತ್ತು. ಅಡುಗೆಮನೆಯ ಬಾಗಿಲು ದಾಟಿ ನಡುಮನೆಗೆ ನಾಲ್ಕು ಹೆಜ್ಜೆ ಹಾಕಿರಬೇಕು, ಹಿಂದೆ ಸಿಡಿಯಿತು.

ಸದ್ದು ನನಗೆ ನೆನಪಿಲ್ಲ. ನೆನಪಿರುವುದು ಮಾಳಿಗೆಯಿಂದ ಸುರಿದ ಮಣ್ಣು, ಬೆಂದ ಬೇಳೆಯ ಬಿಸಿ ವಾಸನೆ, ಮತ್ತು ನನ್ನ ಮೇಲೆ ಬಿದ್ದ ಮುದುಕಿಯ ಹಗುರವಾದ ಮೈ. ಭರಣಿ ಒಡೆದು ಮೂವರ ಮೈಮೇಲೂ ಕುಂಕುಮ. ಯಾವುದು ಕುಂಕುಮ ಯಾವುದು ರಕ್ತ ಎಂದು ಗೆಳತಿ ತಡಕಾಡುತ್ತಿದ್ದಳು. ಮುಚ್ಚಳ ಮಾಳಿಗೆಯ ತೊಲೆಗೆ ಬಡಿದು, ಅವಳು ಕೂತಿದ್ದ ಜಾಗದಲ್ಲೇ ಬಿದ್ದಿತ್ತು. ಕಂಬಾರನ ಬೋಲ್ಟು ಇದ್ದಲ್ಲಿಯೇ ಇತ್ತು, ಹೊಳೆಯುತ್ತಿತ್ತು.

ಮುದುಕಿ ಸಾಯಲಿಲ್ಲ. ಬೆನ್ನು ಸುಟ್ಟಿತ್ತು. ವಿಜಾಪುರದ ದವಾಖಾನೆಯಲ್ಲಿ ಬಹಳ ದಿನ ಮಗ್ಗುಲಾಗಿ ಮಲಗಿದ್ದಳು. ಚರ್ಮ ಕೂಡಿತು. ಕಿವಿ ಮಾತ್ರ ಹೋದವು, ಎರಡೂ. ಹಿತ್ತಲ ಬೆಕ್ಕಿನ ಹೆಜ್ಜೆ ಕೇಳುತ್ತಿದ್ದವಳಿಗೆ ಬಾಗಿಲಲ್ಲಿ ಬಾಜಾ ಬಾರಿಸಿದರೂ ಕೇಳುತ್ತಿರಲಿಲ್ಲ. ಊರಲ್ಲಿ ಯಾರೂ ನನಗೆ ಬೈಯಲಿಲ್ಲ. ಗೆಳತಿಯ ಮನೆಯವರು ನಾನು ಬಂದದ್ದರಿಂದಲೇ ಜೀವ ಉಳಿಯಿತೆಂದು ಕಂಡವರಿಗೆಲ್ಲ ಹೇಳಿದರು. ನನಗೆ ಕಂಬಾರನ ಮೇಲೆ, ಸೊಲ್ಲಾಪುರದವನ ಮೇಲೆ, ಆರತಿಗೆ ಕಾಯಿಸಿದ ಸಾಹೇಬರ ಮೇಲೆ, ಡೋಣಿಯ ಮೇಲೆ ಸಿಟ್ಟಿತ್ತು. ಇವತ್ತಿಗೂ ಇದೆ.

ವ್ಯಾಪಾರ ಬಿಡಲಿಲ್ಲ. ಆದರೆ ಪ್ರತಿ ಪಡಸಾಲೆಯಲ್ಲಿ ಬೇಳೆ ಇಡುವ ಮೊದಲು ಒಂದು ಕೆಂಪು ದಾರ ತೆಗೆದು ತೋರಿಸುತ್ತಿದ್ದೆ. ಕುಂಕುಮ ಕುಕ್ಕರಿನ ಹೊಟ್ಟೆಗೆ ಹಚ್ಚಿರಿ, ದಾರ ಹಿಡಿಕೆಗೆ ಕಟ್ಟಿರಿ, ಗುಂಡಿನ ಮೇಲೆ ದೇವರ ಹೆಸರನ್ನೂ ಇಡಬೇಡಿರಿ ಎನ್ನುತ್ತಿದ್ದೆ. ಈಗ ಯಾರೂ ನಗುತ್ತಿರಲಿಲ್ಲ.

ಬಾಗೇವಾಡಿಗೆ ಹೋದಾಗಲೆಲ್ಲ ಆ ಮನೆಗೆ ಹೋಗುತ್ತಿದ್ದೆ. ಅವರಿಗೆ ಹೊಸ ಕುಕ್ಕರು ನಾನೇ ತಂದುಕೊಟ್ಟಿದ್ದೆ. ಮುದುಕಿಯೇ ಬೇಕೆಂದು ಹಟ ಹಿಡಿದಿದ್ದಳು, ಹಲ್ಲಿಲ್ಲವಲ್ಲ. ಸ್ಟೋ ಹಚ್ಚಿದ ಕೂಡಲೇ ಅವಳ ಊಟ, ಮಾತು ಎಲ್ಲ ನಿಲ್ಲುತ್ತಿತ್ತು. ನಡುಮನೆಯಲ್ಲಿ ಕೂತು ಎದುರಿದ್ದವರ ಮುಖವನ್ನೇ ನೋಡುತ್ತ, "ಹೊಡೀತೇನವಾ?" ಎಂದು ಕೇಳುತ್ತಿದ್ದಳು. ಇನ್ನೂ ಇಲ್ಲ ಎಂದು ಕೈಯಾಡಿಸಿದರೆ ಸೆರಗಿನ ತುದಿ ಹಿಂಡುತ್ತಿದ್ದಳು. ಸಿಳ್ಳೆ ಹೊಡೆದು ನಾನು ತಲೆ ಆಡಿಸಿದ ಮೇಲೆಯೇ ಅವಳ ಉಸಿರು ಇಳಿಯುತ್ತಿತ್ತು. ಸಿಳ್ಳೆಯನ್ನು ಮನೆಯಿಂದ ಓಡಿಸಲು ನೋಡಿದವಳು ಈಗ ಅದಕ್ಕಾಗಿ ಮಂದಿಯ ಮುಖ ಕಾಯುತ್ತಿದ್ದಳು. ಅದನ್ನು ನೋಡುವುದು ನನಗೆ ಕಷ್ಟವಾಗುತ್ತಿತ್ತು.

ಕೊನೆಯ ಸಲ ಹೋದಾಗ ಅವಳು ಹಾಸಿಗೆ ಹಿಡಿದಿದ್ದಳು. ಮಧ್ಯಾಹ್ನದ ಹೊತ್ತು, ಮನೆಯಲ್ಲಿ ಊಟ ಮುಗಿದು ಪಾತ್ರೆ ತೊಳೆದಿಟ್ಟಿದ್ದರು, ಸ್ಟೋ ತಣ್ಣಗಿತ್ತು. ಕುಕ್ಕರು ಹಲಗೆಯ ಮೇಲೆ ಬೋರಲಾಗಿತ್ತು. ನಾನು ಪಕ್ಕದಲ್ಲಿ ಕೂತು ಅವಳ ಕೈ ಹಿಡಿದೆ. ಗುರುತು ಸಿಕ್ಕಿತೋ ಇಲ್ಲವೋ, ಕಣ್ಣು ನನ್ನ ಮುಖದ ಮೇಲೆ ಬಂದು ನಿಂತವು.

"ಹೊಡೀತೇನವಾ?" ಎಂದಳು.

ನಾನು ತಲೆ ಆಡಿಸಿದೆ. ಅವಳಿಗೆ ಕೇಳುವುದಿಲ್ಲವೆಂದು ಗೊತ್ತಿದ್ದರೂ ಗಟ್ಟಿಯಾಗಿ ಹೇಳಿದೆ.

"ಹೊಡೀತ್ರೀ ಯವ್ವಾ. ಈಗ ಹೊಡೀತು."

ಅವಳ ಕೈ ಸಡಿಲವಾಯಿತು. ಕಣ್ಣು ಮುಚ್ಚಿ ನಿದ್ದೆ ಹೋದಳು.